ಸ್ಕೇಲ್ ಇಟ್ಟು ಎಳೆದ ಗೆರೆಗಳು

ಎಲ್ಲರೂ ಚೆನ್ನಾಗಿದ್ದೀರಾ? ಬೆಳಿಗ್ಗೆ ಗ್ರೂಪಿನಲ್ಲಿ ನಡೆದ ಮಾತು ಈಗ ನೋಡಿದೆ. ಟೈಪ್ ಮಾಡಲು ಕೂತರೆ ರಾತ್ರಿಯಾಗುತ್ತದೆ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಸಮಯ ಆದಾಗ ಕೇಳಿ.

ಪುಟ್ಟಿ ಶಾಲೆಗೆ ಆಫ್ರಿಕಾದ ನಕ್ಷೆ ಬಿಡಿಸುತ್ತಿದ್ದಾಳಂತೆ. ಅಲ್ಲಿ ದೇಶಗಳ ಗಡಿ ಸ್ಕೇಲ್ ಇಟ್ಟು ಎಳೆದ ಹಾಗೆ ನೆಟ್ಟಗೆ ಯಾಕಿದೆ ಅಂತ ಕೇಳಿದ್ದಾಳೆ. ಅದರ ಕೆಳಗೆ ನಮ್ಮ ತಮ್ಮ ಬರೆದಿದ್ದಾನೆ: "ಗೆರೆ ಹೇಗಿದ್ದರೇನು, ಚಿನ್ನ, ವಜ್ರ ಎಲ್ಲ ಇಟ್ಟುಕೊಂಡೂ ಉದ್ಧಾರ ಆಗಲಿಲ್ಲ. ಅವರಿಗೆ ಆಳೋಕೆ ಬರಲ್ಲ. ಬ್ರಿಟಿಷರು ನಮ್ಮನ್ನೂ ಆಳಿದರು, ನಾವು ನಡೆಸಿಕೊಂಡು ಬಂದಿಲ್ವಾ?" ತಮ್ಮಾ, ಬೇಜಾರು ಮಾಡ್ಕೋಬೇಡ. ಈ ಮಾತಿಗೆ ಸುಮ್ನೆ ಇರಲು ನನಗೆ ಆಗಲಿಲ್ಲ.

ಮೊದಲು ಪುಟ್ಟಿಯ ಪ್ರಶ್ನೆ. 1884ರ ನವೆಂಬರ್‌ನಲ್ಲಿ ಬರ್ಲಿನ್‌ನಲ್ಲಿ ಒಂದು ಸಭೆ ಸೇರಿತು. ಕರೆದವರು ಜರ್ಮನಿಯ ಬಿಸ್ಮಾರ್ಕ್. ಬಂದದ್ದು 14 ದೇಶಗಳು. ಮೂರು ತಿಂಗಳಿಗಿಂತ ಜಾಸ್ತಿ ಮಾತುಕತೆ ನಡೆಯಿತು. ಮಾತೆಲ್ಲ ಆಫ್ರಿಕಾದ ಬಗ್ಗೆ, ಆದರೆ ಆಫ್ರಿಕಾದವರು ಒಬ್ಬರೂ ಅಲ್ಲಿರಲಿಲ್ಲ. ಎಲ್ಲ ಗೆರೆಗಳನ್ನೂ ಆ ಮೇಜಿನ ಮೇಲೇ ಎಳೆದರು ಅಂತ ಬಹಳ ಜನ ಹೇಳುತ್ತಾರೆ. ಹಾಗಲ್ಲ ಪುಟ್ಟಿ. ಯಾರು ಯಾವ ಜಾಗ ಹಿಡಿದರೆ ಉಳಿದವರು ಒಪ್ಪಬೇಕು ಅನ್ನುವ ನಿಯಮ ಮಾಡಿಕೊಂಡದ್ದು ಅಲ್ಲಿ. ಗೆರೆಗಳು ಬಂದದ್ದು ಹೆಚ್ಚಾಗಿ ಅದರ ನಂತರದ ವರ್ಷಗಳಲ್ಲಿ, ಇಬ್ಬಿಬ್ಬರು ಕೂತು ಮಾಡಿಕೊಂಡ ಒಪ್ಪಂದಗಳಲ್ಲಿ. ಈಜಿಪ್ಟ್ ಮತ್ತು ಸುಡಾನ್ ನಡುವಿನ ಗಡಿ ನೋಡು. 22 ಡಿಗ್ರಿ ಅಕ್ಷಾಂಶವನ್ನೇ ಗಡಿ ಅಂದುಬಿಟ್ಟರು. ಕೀನ್ಯಾ, ಟಾಂಜಾನಿಯಾ ನಡುವಿನ ಗೆರೆ ನೆಟ್ಟಗೆ ಹೋಗಿ ಕಿಲಿಮಂಜಾರೋ ಬೆಟ್ಟದ ಹತ್ತಿರ ಬಾಗುತ್ತದೆ. ದನ ಮೇಯಿಸಿಕೊಂಡು ತಿರುಗುವ ಮಸಾಯಿ ಜನ ಆ ಗೆರೆಯ ಎರಡೂ ಕಡೆ ಹಂಚಿಹೋದರು. 1914ರ ಹೊತ್ತಿಗೆ ಇಡೀ ಖಂಡದಲ್ಲಿ ಸ್ವತಂತ್ರವಾಗಿ ಉಳಿದದ್ದು ಎರಡೇ ದೇಶ, ಇಥಿಯೋಪಿಯಾ ಮತ್ತು ಲೈಬೀರಿಯಾ. ಇಥಿಯೋಪಿಯಾದ ಮೇಲೆ ಇಟಲಿ ದಂಡೆತ್ತಿ ಬಂದಿತ್ತು. 1896ರಲ್ಲಿ ಅಡುವಾ ಎಂಬ ಕಡೆ ಮೆನೆಲಿಕ್ ಚಕ್ರವರ್ತಿ ಮತ್ತು ತೈತು ಮಹಾರಾಣಿ ಅವರನ್ನು ಸೋಲಿಸಿ ಕಳಿಸಿದರು.

ಈಗ ತಮ್ಮನ ಮಾತಿಗೆ ಬರುತ್ತೇನೆ. ಒಂದೇ ದೇಶ ಹಿಡಿದು ಹೇಳುತ್ತೇನೆ, ಕಾಂಗೋ. ನಕ್ಷೆಯಲ್ಲಿ ಸರಿಯಾಗಿ ನಡುವೆ ಇದೆ.

ಬರ್ಲಿನ್ ಸಭೆಯ ಹೊತ್ತಿಗೆ ಬೆಲ್ಜಿಯಂನ ರಾಜ ಎರಡನೇ ಲಿಯೋಪೋಲ್ಡ್ ಕಾಂಗೋವನ್ನು ತನ್ನ ಹೆಸರಿಗೆ ಮಾಡಿಕೊಂಡ. ಬೆಲ್ಜಿಯಂ ದೇಶಕ್ಕಲ್ಲ, ತನ್ನ ಸ್ವಂತಕ್ಕೆ. ಬೆಲ್ಜಿಯಂನ ಎಪ್ಪತ್ತು ಪಟ್ಟಿಗಿಂತ ದೊಡ್ಡ ನೆಲ ಒಬ್ಬ ಮನುಷ್ಯನ ಆಸ್ತಿ ಆಯಿತು. ಅವನು ಒಂದು ದಿನವೂ ಅಲ್ಲಿಗೆ ಕಾಲಿಡಲಿಲ್ಲ. ಕೆಲವು ವರ್ಷಗಳಲ್ಲೇ ಯುರೋಪಿನಲ್ಲಿ ಗಾಳಿ ತುಂಬಿದ ಟೈರು ಬಂತು, ರಬ್ಬರಿಗೆ ಬೆಲೆ ಏರಿತು. ಕಾಂಗೋದ ಕಾಡಿನಲ್ಲಿ ರಬ್ಬರ್ ಬಳ್ಳಿ ಇತ್ತು. ಇಂತಿಷ್ಟು ತರಬೇಕು ಅಂತ ಹಳ್ಳಿಗಳಿಗೆ ಲೆಕ್ಕ ಹಾಕಿದರು. ಗಂಡಸರು ಕಾಡಿನಿಂದ ರಬ್ಬರ್ ತರುವ ತನಕ ಹೆಂಗಸರನ್ನು ಒತ್ತೆ ಇಟ್ಟುಕೊಂಡರು. ಸಿಪಾಯಿಗಳು ಗುಂಡು ಬೇಟೆಗೆ ಹಾಳು ಮಾಡಿಲ್ಲ ಅಂತ ತೋರಿಸಬೇಕಿತ್ತು. ಅದಕ್ಕೆ ತಾವು ಗುಂಡು ಹೊಡೆದು ಕೊಂದವರ ಬಲಗೈ ಕಡಿದು ತಂದರು. ಬದುಕಿದ್ದವರ ಕೈಯನ್ನೂ ಕಡಿದರು.

1904ರ ಒಂದು ಫೋಟೋ ಇದೆ. ನ್ಸಾಲಾ ಎಂಬ ತಂದೆ ಜಗಲಿಯ ಮೇಲೆ ಕೂತಿದ್ದಾನೆ. ಐದು ವರ್ಷದ ಮಗಳ ಕಡಿದ ಕೈ ಮತ್ತು ಪಾದ ಎದುರಿಗಿದೆ, ಅದನ್ನೇ ನೋಡುತ್ತಿದ್ದಾನೆ. ತೆಗೆದವರು ಆಲಿಸ್ ಹ್ಯಾರಿಸ್ ಎಂಬ ಇಂಗ್ಲಿಷ್ ಮಿಷನರಿ ಹೆಂಗಸು. ಅದನ್ನು ಇಲ್ಲಿ ಹಾಕುವುದಿಲ್ಲ, ಮಕ್ಕಳಿದ್ದಾರೆ. ಅದನ್ನು ಮೊದಲ ಸಲ ನೋಡಿದ ದಿನ ನನಗೆ ಊಟ ಸೇರಲಿಲ್ಲ.

ಈ ವಿಷಯ ಹೊರಗೆ ಬರಲು ಕಾರಣನಾದ ಒಬ್ಬ ಗುಮಾಸ್ತನ ಬಗ್ಗೆ ಹೇಳಲೇಬೇಕು. ಮೊರೆಲ್ ಅಂತ, ಲಿವರ್‌ಪೂಲಿನ ಹಡಗು ಕಂಪನಿಯಲ್ಲಿ ಕೆಲಸ. ಬೆಲ್ಜಿಯಂನ ಬಂದರಿನಲ್ಲಿ ಲೆಕ್ಕ ನೋಡುತ್ತಿದ್ದ. ಕಾಂಗೋದಿಂದ ಬರುವ ಹಡಗಿನ ತುಂಬ ರಬ್ಬರು, ಆನೆದಂತ. ವಾಪಸು ಹೋಗುವ ಹಡಗಿನಲ್ಲಿ ಹೆಚ್ಚಾಗಿ ಬಂದೂಕು, ಗುಂಡು. ವ್ಯಾಪಾರ ಅಂದರೆ ಬದಲಿಗೆ ಏನಾದರೂ ಕೊಡಬೇಕಲ್ವಾ? ಇಲ್ಲಿ ಕೊಡುತ್ತಲೇ ಇಲ್ಲ. ಅಂದರೆ ಅಲ್ಲಿ ಜನರಿಂದ ಜೀತ ಮಾಡಿಸುತ್ತಿದ್ದಾರೆ ಅಂತ ಅವನಿಗೆ ಹೊಳೆಯಿತು. ಕೆಲಸ ಬಿಟ್ಟು, ವರ್ಷಗಟ್ಟಲೆ ಬರೆದ, ಸಭೆ ಮಾಡಿದ. ಕೊನೆಗೆ 1908ರಲ್ಲಿ ರಾಜನ ಕೈಯಿಂದ ಕಾಂಗೋ ಬೆಲ್ಜಿಯಂ ಸರ್ಕಾರಕ್ಕೆ ಹೋಯಿತು. ಅಷ್ಟರಲ್ಲಿ ಲಕ್ಷಗಟ್ಟಲೆ ಜನ ಸತ್ತಿದ್ದರು.

ಈಗ ನೀನು ಕೇಳಿದ್ದು, ನಾವು ನಡೆಸಿಕೊಂಡು ಬಂದಿಲ್ವಾ ಅಂತ. ಲೆಕ್ಕ ಹಾಕಿ ನೋಡು. ನಮ್ಮಲ್ಲಿ 1857ರಲ್ಲೇ ಮೂರು ವಿಶ್ವವಿದ್ಯಾಲಯ ಶುರುವಾದವು. 1947ರ ಹೊತ್ತಿಗೆ ವಕೀಲರು, ಮೇಷ್ಟ್ರುಗಳು, ಎಂಜಿನಿಯರುಗಳು ಸಾವಿರಾರು ಜನ ಇದ್ದರು. ಸೈನ್ಯದಲ್ಲಿ ನಮ್ಮ ಕೊಡಗಿನ ಕಾರಿಯಪ್ಪನವರಂಥ ಅಧಿಕಾರಿಗಳಿದ್ದರು. ಪ್ರಾಂತ್ಯಗಳಲ್ಲಿ ಚುನಾವಣೆ ನಡೆದು ಮಂತ್ರಿಮಂಡಲ ನಡೆಸಿದ ಅನುಭವ ಇತ್ತು. ಕಾಂಗೋದಲ್ಲಿ ಮೊದಲ ವಿಶ್ವವಿದ್ಯಾಲಯ ಬಂದದ್ದೇ 1954ರಲ್ಲಿ. ಸ್ವಾತಂತ್ರ್ಯದ ದಿನ ಇಡೀ ದೇಶದಲ್ಲಿ ಪದವಿ ಪಡೆದ ಕಾಂಗೋದವರು ಮೂವತ್ತು ಜನವೂ ಇರಲಿಲ್ಲ. ಸೈನ್ಯದಲ್ಲಿ ಅವರ ಜನ ಒಬ್ಬನೂ ಅಧಿಕಾರಿ ಅಲ್ಲ. 1960ರ ಜನವರಿಯಲ್ಲಿ ಮಾತುಕತೆ ಶುರು, ಜೂನ್ 30ಕ್ಕೆ ಸ್ವಾತಂತ್ರ್ಯ. ಐದು ತಿಂಗಳು, ತಮ್ಮಾ. ನಮ್ಮ ಮನೆ ಆಸ್ತಿ ಪಾಲಾಗುವುದಕ್ಕೇ ಅದಕ್ಕಿಂತ ಜಾಸ್ತಿ ಹಿಡಿಯಿತು.

ಆ ದಿನದ ಸಮಾರಂಭದಲ್ಲಿ ಬೆಲ್ಜಿಯಂನ ರಾಜ ಬೋದುವಾ ಲಿಯೋಪೋಲ್ಡನನ್ನು ಹೊಗಳಿ ಮಾತಾಡಿದ. ಮಾತಾಡುವವರ ಪಟ್ಟಿಯಲ್ಲಿ ಹೊಸ ಪ್ರಧಾನಿ ಪ್ಯಾಟ್ರಿಸ್ ಲುಮುಂಬಾ ಹೆಸರಿರಲಿಲ್ಲ. ಆದರೂ ಎದ್ದು ನಿಂತರು. ನಾವು ಏಟು ತಿಂದಿದ್ದೇವೆ, ಅವಮಾನ ತಿಂದಿದ್ದೇವೆ, ಅದನ್ನು ಮರೆಯುವುದಿಲ್ಲ ಎಂಬ ಅರ್ಥದಲ್ಲಿ ರಾಜನ ಎದುರೇ ಮಾತಾಡಿದರು. ಆಗ ಅವರಿಗೆ 34 ವರ್ಷ.

ವಾರದೊಳಗೆ ಸೈನ್ಯ ದಂಗೆ ಎದ್ದಿತು. ಜುಲೈ 11ಕ್ಕೆ ಕಟಾಂಗ ಪ್ರಾಂತ್ಯ ಬೇರೆಯಾಯಿತು. ತಾಮ್ರದ ಗಣಿಗಳೆಲ್ಲ ಅಲ್ಲೇ. ಹಿರೋಷಿಮಾ ಬಾಂಬಿನ ಯುರೇನಿಯಂ ಹೆಚ್ಚಾಗಿ ಹೋದದ್ದೂ ಅಲ್ಲಿನ ಗಣಿಯಿಂದಲೇ. ಕಟಾಂಗದ ಬೆನ್ನಿಗೆ ಬೆಲ್ಜಿಯಂನವರು ನಿಂತರು. ಲುಮುಂಬಾ ವಿಶ್ವಸಂಸ್ಥೆಯನ್ನು ಕೇಳಿದರು, ಅಮೆರಿಕವನ್ನು ಕೇಳಿದರು, ಆಮೇಲೆ ರಷ್ಯಾದ ನೆರವು ಕೇಳಿದರು. ಅಮೆರಿಕ, ರಷ್ಯಾ ಒಬ್ಬರನ್ನೊಬ್ಬರು ಶತ್ರುಗಳ ಹಾಗೆ ನೋಡುತ್ತಿದ್ದ ಶೀತಲ ಸಮರದ ಕಾಲ, ಅಷ್ಟೇ ಸಾಕಾಯಿತು. ಸೆಪ್ಟೆಂಬರ್‌ನಲ್ಲಿ ಅವರನ್ನು ಕೆಳಗಿಳಿಸಿದರು. 1961ರ ಜನವರಿ 17ಕ್ಕೆ ಕಟಾಂಗಕ್ಕೆ ಒಯ್ದು ಗುಂಡು ಹೊಡೆದರು. ಗುಂಡು ಹೊಡೆಯುವಾಗ ಬೆಲ್ಜಿಯಂನ ಅಧಿಕಾರಿಗಳು ಅಲ್ಲೇ ಇದ್ದರು. ಆಮೇಲೆ ದೇಹವನ್ನು ಆಸಿಡ್‌ನಲ್ಲಿ ಕರಗಿಸಿದರು.

ನಮ್ಮ ಸೈನಿಕರೂ ಆಗ ಅಲ್ಲಿಗೆ ಹೋಗಿದ್ದರು, ವಿಶ್ವಸಂಸ್ಥೆಯ ಪಡೆಯಲ್ಲಿ. ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ 1961ರ ಡಿಸೆಂಬರ್ 5ರಂದು ಕಟಾಂಗದ ಎಲಿಜಬೆತ್‌ವಿಲ್‌ನಲ್ಲಿ ಹೋರಾಡುತ್ತಾ ತೀರಿಕೊಂಡರು. 26 ವರ್ಷದ ಹುಡುಗ. ಅವರಿಗೆ ಪರಮವೀರ ಚಕ್ರ ಬಂತು.

ಕಾಂಗೋದವರಲ್ಲಿ ತಪ್ಪೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಸೈನ್ಯದ ಮುಖ್ಯಸ್ಥನಾಗಿದ್ದ ಮೊಬುಟು ದೇಶವನ್ನು 1965ರಿಂದ 1997ರ ತನಕ ಆಳಿದ. ತನ್ನ ಊರಿನ ಕಾಡಿನಲ್ಲಿ ಅರಮನೆ ಕಟ್ಟಿಸಿ, ಶಬ್ದಕ್ಕಿಂತ ಜೋರಾಗಿ ಹಾರುತ್ತಿದ್ದ ಕಾಂಕಾರ್ಡ್ ವಿಮಾನ ಇಳಿಯುವಷ್ಟು ದೊಡ್ಡ ನಿಲ್ದಾಣ ಮಾಡಿಸಿದ. ದುಡ್ಡನ್ನೆಲ್ಲ ನುಂಗಿದ. ಆದರೆ ಅವನನ್ನು ಬಹುಕಾಲ ಸಾಕಿದವರು ಅಮೆರಿಕ, ಫ್ರಾನ್ಸ್, ಬೆಲ್ಜಿಯಂ. ಅಲ್ಲಿನ ಜನ ಆರಿಸಿದ್ದವನನ್ನು ಏಳು ತಿಂಗಳೂ ಬದುಕಲು ಬಿಡಲಿಲ್ಲ, ಇವನಿಗೆ 32 ವರ್ಷ ಬೆನ್ನು ತಟ್ಟಿದರು. ಆಳೋಕೆ ಬರಲ್ಲ ಅನ್ನುವ ಮೊದಲು ಇದನ್ನೂ ಲೆಕ್ಕಕ್ಕೆ ತಗೋ.

ನಾನು ಯಲ್ಲಾಪುರದ ಕಡೆ ಪಾಠ ಮಾಡುತ್ತಿದ್ದಾಗ ತರಗತಿಯಲ್ಲಿ ಸಿದ್ದಿ ಮಕ್ಕಳಿದ್ದರು. ಅವರ ಹಿರಿಯರಲ್ಲಿ ಬಹಳ ಜನರನ್ನು ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದಿದ್ದರು. ಒಬ್ಬ ಹುಡುಗಿ "ಟೀಚರ್, ನಮ್ಮೋರ ಊರು ಇದರಲ್ಲಿ ಎಲ್ಲಿದೆ?" ಅಂತ ನಕ್ಷೆಯ ಮುಂದೆ ನಿಂತು ಕೇಳಿದ್ದಳು. ಅವತ್ತು ಸರಿಯಾಗಿ ಹೇಳಲು ನನ್ನಿಂದ ಆಗಲಿಲ್ಲ. ಆಮೇಲೆಯೇ ನಾನು ಇದನ್ನೆಲ್ಲ ಓದಲು ಶುರು ಮಾಡಿದ್ದು.

ಪುಟ್ಟಿ, ಸ್ವಾತಂತ್ರ್ಯ ಬಂದ ಮೇಲೆ ಆ ಗೆರೆಗಳನ್ನು ಯಾಕೆ ಅಳಿಸಲಿಲ್ಲ ಅಂತ ನೀನು ಕೇಳೇ ಕೇಳುತ್ತೀಯ. 1964ರಲ್ಲಿ ಆಫ್ರಿಕಾದ ನಾಯಕರು ಕೈರೋದಲ್ಲಿ ಸೇರಿ, ಇದ್ದ ಗಡಿಯನ್ನೇ ಇಟ್ಟುಕೊಳ್ಳೋಣ ಅಂತ ತೀರ್ಮಾನ ಮಾಡಿದರು. ಒಂದು ಗೆರೆ ಮುಟ್ಟಿದರೆ ಎಲ್ಲ ಕಡೆ ಯುದ್ಧ ಹತ್ತಿಕೊಳ್ಳುತ್ತದೆ ಅನ್ನುವ ಭಯ ಅವರಿಗಿತ್ತು.

ಇನ್ನೊಂದು ಹೇಳಿ ಮುಗಿಸುತ್ತೇನೆ. ಲುಮುಂಬಾರ ದೇಹ ಕರಗಿಸಿದವರಲ್ಲಿ ಒಬ್ಬ ಬೆಲ್ಜಿಯಂ ಪೊಲೀಸ್ ಅಧಿಕಾರಿ ಅವರ ಚಿನ್ನ ಕಟ್ಟಿದ ಹಲ್ಲನ್ನು ಮನೆಗೆ ಒಯ್ದಿದ್ದ. ಬೆಲ್ಜಿಯಂ ಅದನ್ನು ಅವರ ಮಕ್ಕಳಿಗೆ ಕೊಟ್ಟದ್ದು 2022ರ ಜೂನ್‌ನಲ್ಲಿ. ಆ ಒಂದು ಹಲ್ಲನ್ನು ಶವಪೆಟ್ಟಿಗೆಯಲ್ಲಿಟ್ಟು ಅವರು ಹುಟ್ಟಿದ ಓನಾಲುವಾ ಹಳ್ಳಿಗೆ ಕರೆದುಕೊಂಡು ಹೋದರು, ಲುಬುಂಬಾಶಿಗೆ ಹೋದರು, ಕೊನೆಗೆ ಜೂನ್ 30ಕ್ಕೆ ರಾಜಧಾನಿ ಕಿನ್ಶಾಸಾದಲ್ಲಿ ಮಣ್ಣು ಮಾಡಿದರು. ಲುಬುಂಬಾಶಿ ಅಂದರೆ ನಾನು ಆಗಲೇ ಹೇಳಿದ ಎಲಿಜಬೆತ್‌ವಿಲ್, ಈಗಿನ ಹೆಸರು ಅದು. ನಿನ್ನ ನಕ್ಷೆಯಲ್ಲಿ ಲುಬುಂಬಾಶಿ, ಕಿನ್ಶಾಸಾ ಎರಡೂ ಊರು ಗುರುತು ಹಾಕು ಪುಟ್ಟಿ. ಬಣ್ಣ ಹಚ್ಚಿ ಮುಗಿದ ಮೇಲೆ ಅಜ್ಜಿಗೆ ಫೋಟೋ ಕಳಿಸು.