ಪದಚರ್ಚೆ: ಎಷ್ಟು ಸಲ ಕಳಿಸಿದರೂ ಒಂದೇ ಆಗುವುದಕ್ಕೆ ಏನು ಹೆಸರು?

ಎಲ್ಲರಿಗೂ ನಮಸ್ಕಾರ.

ಒಂದೇ ಕೋರಿಕೆಯನ್ನು ಸರ್ವರಿಗೆ ಎಷ್ಟು ಸಲ ಕಳಿಸಿದರೂ ಕೊನೆಗೆ ಅಲ್ಲಿ ಉಳಿಯುವುದು ಒಂದೇ ಆಗಿದ್ದರೆ ಅದನ್ನು ‘ಐಡೆಂಪೊಟೆಂಟ್’ ಅನ್ನುತ್ತಾರಲ್ಲ, ಅದಕ್ಕೆ ಕನ್ನಡದಲ್ಲಿ ಏನು ಹೇಳುತ್ತೀರಿ? ನಿಘಂಟಿಗೆ ಹಾಕುವ ಪದ ಕೇಳುತ್ತಿಲ್ಲ. ಕೋಡ್ ಬರೆಯುತ್ತಾ ಪಕ್ಕದವರಿಗೆ ಹೇಳುವಾಗ ಬಾಯಿಗೆ ಬರುವ ಮಾತು ಬೇಕು. ‘ರಿಸೋರ್ಸ್’, ‘ಸ್ಟೇಟ್‌ಲೆಸ್’ ಬಗ್ಗೆಯೂ ಕೇಳುವುದಿದೆ, ಆದರೆ ಜಾಸ್ತಿ ಕಾಡುತ್ತಿರುವುದು ಮೊದಲನೆಯದು.

ಎಲ್ಲಿಂದ ಬಂತು ಈ ಪ್ರಶ್ನೆ ಅಂದರೆ, ನಾಪೋಕ್ಲು ಕಡೆಯ ಕೆಲವು ತೋಟಗಳ ಮಳೆ ಲೆಕ್ಕವನ್ನು ಒಂದು ಕಡೆ ಸೇರಿಸಲು ಸಣ್ಣದೊಂದು ಬ್ಯಾಕೆಂಡ್ (ಸರ್ವರಿನಲ್ಲಿ ಓಡುವ ಪ್ರೋಗ್ರಾಂ) ಕಟ್ಟುತ್ತಿದ್ದೇವೆ. ಕೊಡಗಿನ ಕಾಫಿ ತೋಟಗಳಲ್ಲಿ ಮಳೆ ಅಳೆದು ಬರೆದಿಡುವುದು ಹಳೇ ರೂಢಿ. ಬೆಳಿಗ್ಗೆ ಮಳೆಮಾಪಕ ನೋಡುವುದು, ಪುಸ್ತಕದಲ್ಲಿ ಇಂಚು ಸೆಂಟಿನಲ್ಲಿ ಬರೆಯುವುದು. ಇಂಚಿನ ನೂರರಲ್ಲೊಂದು ಪಾಲು ಸೆಂಟು, ಎಕರೆಯ ನೂರರಲ್ಲೊಂದು ಪಾಲೂ ಸೆಂಟೇ, ಇದರಿಂದ ಇಲ್ಲಿ ಯಾರಿಗೂ ಗೊಂದಲ ಆದದ್ದಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಸಾಕಷ್ಟು ಬಿತ್ತೋ, ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಬೇಕೋ ಎಂದು ಯೋಚಿಸುವಾಗ ಅಕ್ಕಪಕ್ಕದ ತೋಟಗಳ ಲೆಕ್ಕವೂ ಕಣ್ಣಮುಂದೆ ಇದ್ದರೆ ಒಳ್ಳೆಯದಲ್ವಾ? ಅದಕ್ಕೇ ಈ ಕೆಲಸ.

ಕಟ್ಟುತ್ತಿರುವವರು ಊರಿನ ಡಿಗ್ರಿ ಓದುವ ಮಕ್ಕಳು. ಒಬ್ಬರ ಮನೆಮಾತು ಕೊಡವ ತಕ್ಕ್, ಒಬ್ಬರದು ಅರೆಭಾಷೆ, ಮತ್ತೊಬ್ಬರದು ಮಲಯಾಳ. ಎಲ್ಲರೂ ಒಟ್ಟಿಗೆ ಕೂತಾಗ ಮಾತು ಕನ್ನಡ. ಅವರಿಗೆ ಒಂದು ಕನ್ನಡ ಕೈಪಿಡಿ ಬರೆದುಕೊಡುತ್ತಿದ್ದೇನೆ.

ಬಳಸುತ್ತಿರುವುದು ಪೈಥಾನ್ ಭಾಷೆಯ ಫ್ಲಾಸ್ಕ್. ಆರ್ಮಿನ್ ರೊನಾಕರ್ ಅವರು 2010ರಲ್ಲಿ ಹೊರತಂದದ್ದು. ವೆಬ್ ಪ್ರೋಗ್ರಾಂ ಕಟ್ಟಲು ಹಗುರವಾದ ಫ್ರೇಮ್‌ವರ್ಕ್, ಅಂದರೆ ಸಿದ್ಧ ಚೌಕಟ್ಟು: ಡೇಟಾಬೇಸ್ ಇಂಥದ್ದೇ ಇರಬೇಕು ಅನ್ನುವುದಿಲ್ಲ, ಫೋಲ್ಡರುಗಳನ್ನು ಹೀಗೇ ಜೋಡಿಸಿ ಅನ್ನುವುದೂ ಇಲ್ಲ. ಒಂದು ಫಂಕ್ಷನ್ ಬರೆದು ಅದರ ತಲೆಯ ಮೇಲೆ ‘ಈ ವಿಳಾಸಕ್ಕೆ ಹೀಗೆ ಕೇಳಿದರೆ ಇದನ್ನು ಓಡಿಸು’ ಎಂದು ಒಂದು ಸಾಲು ಹಾಕಿದರೆ ಅರ್ಧ ಕೆಲಸ ಆಯಿತು. ರೂಟ್, ಸರ್ವರ್, ಫಂಕ್ಷನ್ ಇವುಗಳನ್ನೆಲ್ಲ ಹಾಗೇ ಬಿಟ್ಟಿದ್ದೇನೆ. ಸೆಂಟು ನಮ್ಮದಾದ ಹಾಗೆ ಅವೂ ಆಗಿವೆ.

ಈಗ ಕಷ್ಟದ ಜಾಗಕ್ಕೆ ಬರುತ್ತೇನೆ. ಜುಲೈ ತಿಂಗಳು, ಗಾಳಿ ಮಳೆ, ಕರೆಂಟಿಲ್ಲ, ಸಿಗ್ನಲ್ ಒಂದು ಗಳಿಗೆ ಬಂದು ಹೋಗುತ್ತದೆ. ತೋಟದ ಲೆಕ್ಕ ಬರೆಯುವ ರೈಟರ್ ಫೋನಿನಲ್ಲಿ ‘4 ಇಂಚು 20 ಸೆಂಟು’ ಎಂದು ಹಾಕಿ ಕಳಿಸುತ್ತಾರೆ. ಲೆಕ್ಕ ಸರ್ವರಿಗೆ ಮುಟ್ಟಿರುತ್ತದೆ, ಆದರೆ ‘ಮುಟ್ಟಿತು’ ಎಂಬ ಉತ್ತರ ವಾಪಸ್ ಬರುವುದರೊಳಗೆ ಸಿಗ್ನಲ್ ಹೋಯಿತು. ಅವರು ಮತ್ತೆ ಒತ್ತುತ್ತಾರೆ. ಸರ್ವರಿಗೆ ಕೋರಿಕೆ ಕಳಿಸಲು ವೆಬ್‌ನಲ್ಲಿ ಪೋಸ್ಟ್, ಪುಟ್, ಗೆಟ್, ಡಿಲೀಟ್ ಎಂಬ ಬೇರೆ ಬೇರೆ ವಿಧಾನಗಳಿವೆ. ನಾವು ಇದನ್ನು ‘ಪೋಸ್ಟ್’ ಎಂದು ಬರೆದಿದ್ದರೆ ಒಂದೇ ದಿನಕ್ಕೆ ಎರಡು ದಾಖಲೆ ಕೂತು, ಮೊತ್ತದಲ್ಲಿ 8 ಇಂಚು 40 ಸೆಂಟು ಆಗುತ್ತದೆ. ನಾಪೋಕ್ಲು ಕಡೆಯ ಜುಲೈನಲ್ಲಿ ಆ ಅಂಕಿ ನೋಡಿ ಯಾರಿಗೂ ಅನುಮಾನ ಬರುವುದಿಲ್ಲ. ತಪ್ಪು ಹಾಗೇ ಉಳಿದುಬಿಡುತ್ತದೆ.

ಅದೇ ‘ಪುಟ್’ ಎಂದು ಬರೆದು, ವಿಳಾಸದಲ್ಲೇ ತೋಟದ ಹೆಸರು ಮತ್ತು ತಾರೀಕು ಇಟ್ಟರೆ ಈ ತೊಂದರೆ ಇಲ್ಲ. ಆ ತೋಟದ ಆ ದಿನಕ್ಕೆ ಇರುವುದು ಒಂದೇ ಜಾಗ. ಹತ್ತು ಸಲ ಕಳಿಸಿದರೂ ಅಲ್ಲಿ ಕೂರುವುದು 4.20. ಈ ಗುಣಕ್ಕೇ ಐಡೆಂಪೊಟೆಂಟ್ ಎಂಬ ಹೆಸರು. ಪದ ಹುಟ್ಟಿದ್ದು ಗಣಿತದಲ್ಲಿ, 1870ರಲ್ಲಿ ಬೆಂಜಮಿನ್ ಪಿಯರ್ಸ್ ಬಳಸಿದ್ದು. ಲ್ಯಾಟಿನ್ನಿನಲ್ಲಿ ‘ಅದೇ’ ಮತ್ತು ‘ಶಕ್ತಿ’ ಎಂಬ ಎರಡು ಪದ ಸೇರಿ ಆದದ್ದು. ಒಂದನ್ನು ಒಂದರಿಂದ ಎಷ್ಟು ಸಲ ಗುಣಿಸಿದರೂ ಒಂದೇ, ಹಾಗೆ.

ಗೆಳೆಯರೊಬ್ಬರು ‘ಸಮಫಲ’ ಅನ್ನಿ ಎಂದರು. ಕೇಳಲು ಚೆನ್ನಾಗಿದೆ, ಆದರೆ ಅರ್ಥ ತಪ್ಪುತ್ತದೆ. ಯಾಕೆಂದರೆ ಸರ್ವರ್ ಕೊಡುವ ಉತ್ತರ ಪ್ರತಿ ಸಲವೂ ಒಂದೇ ಇರಬೇಕು ಅಂತೇನಿಲ್ಲ. ಮೊದಲ ಸಲ ಪುಟ್ ಮಾಡಿದಾಗ ‘ಹೊಸದಾಗಿ ಆಯಿತು’ ಎಂದು 201 ಎಂಬ ಉತ್ತರದ ಸಂಕೇತ ಬರಬಹುದು, ಎರಡನೇ ಸಲ ಬರೀ 200, ಅಂದರೆ ‘ಸರಿ’. ಡಿಲೀಟ್ ಇನ್ನೂ ಸ್ಪಷ್ಟ: ಮೊದಲ ಸಲ 204, ಕೆಲಸ ಆಯಿತು ಎಂದು, ಮತ್ತೆ ಅದನ್ನೇ ಅಳಿಸಲು ಹೋದರೆ 404, ಅಂಥದ್ದು ಇಲ್ಲ ಎಂದು. ಉತ್ತರ ಬೇರೆ, ಆದರೂ ಡಿಲೀಟ್ ಐಡೆಂಪೊಟೆಂಟೇ. ಒಂದೇ ಆಗಿರಬೇಕಾದದ್ದು ಸರ್ವರಿನ ಒಳಗೆ ಕೊನೆಗೆ ಉಳಿಯುವ ಲೆಕ್ಕ. ‘ಫಲ’ ಅಂದ ತಕ್ಷಣ ಮಕ್ಕಳು ಉತ್ತರದ ಕಡೆ ನೋಡುತ್ತಾರೆ.

ನನಗೆ ಅನಿಸುವುದು, ಇಲ್ಲಿ ನಾಮಪದ ಹುಡುಕುವುದಕ್ಕಿಂತ ಕ್ರಿಯಾಪದವನ್ನು ಸರಿಯಾಗಿ ಆರಿಸುವುದು ಮುಖ್ಯ. ಪೋಸ್ಟ್‌ಗೆ ‘ಸೇರಿಸು’, ಪುಟ್‌ಗೆ ‘ಇಡು’. ಸೇರಿಸು ಅಂದರೆ ಪ್ರತಿ ಸಲವೂ ಒಂದು ಜಾಸ್ತಿಯಾಗುತ್ತದೆ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅದೇ ಜಾಗದಲ್ಲಿ ಅದನ್ನೇ ಇಡು ಅಂದರೆ ಎಷ್ಟು ಸಲ ಇಟ್ಟರೂ ಇರುವುದು ಅದೇ. ವ್ಯತ್ಯಾಸ ಕ್ರಿಯಾಪದದಲ್ಲೇ ಬಂದುಬಿಟ್ಟಿತು. ಗೆಟ್ ‘ಕೊಡು’, ಡಿಲೀಟ್ ‘ಅಳಿಸು’. ಇವಿಷ್ಟು ಕೂತ ಮೇಲೆ ಗುಣಕ್ಕೆ ಹೆಸರು ಬೇಕಾದರೆ ‘ಮರುಕಳಿಸಿದರೂ ಬೆಳೆಯದ’ ಅನ್ನಬಹುದಾ ಎಂದು ಯೋಚಿಸಿದ್ದೇನೆ. ಉದ್ದವಾಯಿತು, ಗೊತ್ತು. ಅದೂ ಅಲ್ಲದೆ ‘ಮರುಕಳಿಸು’ ಅಂದರೆ ಕಾಯಿಲೆ ನೆನಪಾಗುತ್ತದೆ. ‘ಇಮ್ಮಡಿಸದ’ ಎಂಬುದೂ ತಲೆಗೆ ಬಂತು. ನಿಮಗೆ ಹೇಗನಿಸುತ್ತದೆ?

ರಿಸೋರ್ಸ್ ಬಗ್ಗೆ. ಎಲ್ಲ ಕಡೆ ‘ಸಂಪನ್ಮೂಲ’ ಎಂದು ಸಿಗುತ್ತದೆ. ಈ ಪದ ಕೇಳಿದ ಕೂಡಲೇ ಇಲ್ಲಿನವರ ಕಣ್ಣಿಗೆ ಬರುವುದು ಕಾವೇರಿ, ಕಾಡು, ದುಡ್ಡು. ನಾವು ಅನುಸರಿಸುವ ರೆಸ್ಟ್ (ವೆಬ್ ಸೇವೆಗಳನ್ನು ಕಟ್ಟುವ ಒಂದು ಶೈಲಿ) ಎಂಬುದರಲ್ಲಿ ಅದರ ಅರ್ಥ ತುಂಬಾ ಸರಳ: ವಿಳಾಸ ಕೊಟ್ಟು ಕರೆಯಬಹುದಾದ ಯಾವುದೇ ಸಂಗತಿ. ಒಂದು ತೋಟ, ಒಂದು ದಿನದ ಮಳೆ, ಒಂದು ತಿಂಗಳ ಮೊತ್ತ. ರಾಯ್ ಫೀಲ್ಡಿಂಗ್ 2000ದ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ರೆಸ್ಟ್ ಎಂಬ ಹೆಸರಿಟ್ಟಾಗಲೂ ರಿಸೋರ್ಸ್ ಇಷ್ಟು ಅಗಲವಾದದ್ದೇ. ಅದಕ್ಕೆ ‘ಸಂಗತಿ’ ಎಂದೇ ಬರೆಯುತ್ತಿದ್ದೇನೆ. ಯಾರದಾದರೂ ಆಕ್ಷೇಪ ಇದ್ದರೆ ಹೇಳಿ.

ವಿಳಾಸದಲ್ಲೂ ಕನ್ನಡವೇ ಇರಲಿ ಎಂಬ ಆಸೆ ಮಕ್ಕಳಿಗೆ. ತೋಟದ ಹೆಸರಾದ ಮೇಲೆ ‘/ಮಳೆ/2024-07-18’ ಎಂದು ಬರೆದರೆ ಫ್ಲಾಸ್ಕ್ ಚೆನ್ನಾಗಿಯೇ ಓಡಿಸುತ್ತದೆ. ಆದರೆ ದಾರಿಯಲ್ಲಿ ‘ಮಳೆ’ ಎಂಬುದು ಶೇಕಡಾ ಚಿಹ್ನೆಗಳ 27 ಅಕ್ಷರದ ಸರವಾಗಿ ಹೋಗುತ್ತದೆ, ಸರ್ವರ್ ಬರೆದಿಡುವ ದಾಖಲೆ (ಲಾಗ್) ಓದುವವರಿಗೆ ಕಷ್ಟ. ಜೇಸನ್ (ಪ್ರೋಗ್ರಾಂಗಳು ಮಾಹಿತಿ ಕಳಿಸಿಕೊಳ್ಳುವ ಒಂದು ಪಠ್ಯರೂಪ) ಉತ್ತರದಲ್ಲೂ ಫ್ಲಾಸ್ಕ್ ತಾನಾಗಿಯೇ ಕನ್ನಡ ಅಕ್ಷರಗಳನ್ನು ಯುನಿಕೋಡ್ ಸಂಖ್ಯೆಗಳಾಗಿ ಮಾಡಿ ಕಳಿಸುತ್ತದೆ, ‘ಆಸ್ಕಿ, ಅಂದರೆ ಇಂಗ್ಲಿಷ್ ಅಕ್ಷರ-ಅಂಕಿಗಳಲ್ಲಿ ಮಾತ್ರ ಕಳಿಸು’ ಎಂಬ ಸೆಟ್ಟಿಂಗನ್ನು ಆಫ್ ಮಾಡಿದರೆ ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ಇದನ್ನು ಕನ್ನಡದಲ್ಲಿ ಕೆಲಸ ಮಾಡುವ ಎಲ್ಲರೂ ಮೊದಲ ದಿನವೇ ಮಾಡಿಕೊಳ್ಳುವುದು ಒಳ್ಳೆಯದು.

ಕೊನೆಯದು ಸ್ಟೇಟ್‌ಲೆಸ್. ‘ಸ್ಥಿತಿರಹಿತ’ ಅಂದರೆ ಇವರಿಗೆ ಏನೂ ಹೊಳೆಯುವುದಿಲ್ಲ. ‘ನೆನಪಿಡದ’ ಅಂದರೆ ಇನ್ನೊಂದು ತೊಂದರೆ: ಹಾಗಾದರೆ ಮಳೆ ಲೆಕ್ಕ ಎಲ್ಲಿ ಉಳಿಯುತ್ತೆ ಎಂದು ಒಬ್ಬಳು ಕೇಳಿದಳು, ಸರಿಯಾದ ಪ್ರಶ್ನೆಯೇ. ಲೆಕ್ಕವನ್ನು ಸರ್ವರ್ ಮರೆಯುವುದಿಲ್ಲ, ಕೇಳಿದವರ ಹಿಂದಿನ ಮಾತನ್ನು ಮಾತ್ರ ಇಟ್ಟುಕೊಳ್ಳುವುದಿಲ್ಲ. ಬ್ಯಾಂಕಿನ ಕೌಂಟರಿಗೆ ಹೋದಾಗೆಲ್ಲ ಪಾಸ್‌ಬುಕ್ ತೋರಿಸಬೇಕು, ಆದರೆ ಖಾತೆಯ ದುಡ್ಡು ಅಲ್ಲೇ ಇರುತ್ತದೆ, ಹಾಗೆ. ಸದ್ಯಕ್ಕೆ ‘ಹಿಂದಿನ ಮಾತು ಹಿಡಿದಿಡದ’ ಎಂದು ಬರೆದಿದ್ದೇನೆ, ತೃಪ್ತಿಯಿಲ್ಲ.

ಮೈಸೂರು, ಧಾರವಾಡ, ಮಂಗಳೂರು ಕಡೆ ಕನ್ನಡದಲ್ಲಿ ಕಂಪ್ಯೂಟರ್ ಪಾಠ ಮಾಡುವವರು ಇಲ್ಲಿದ್ದರೆ, ಕ್ಲಾಸಿನಲ್ಲಿ ಈ ಮೂರಕ್ಕೂ ಏನು ಹೇಳುತ್ತೀರಿ ಎಂದು ದಯವಿಟ್ಟು ಬರೆಯಿರಿ. ಪುಸ್ತಕದ ಪದಕ್ಕಿಂತ ಮಕ್ಕಳು ವಾಪಸ್ ನಿಮಗೆ ಹೇಳುವಾಗ ಯಾವ ಪದ ಬಳಸುತ್ತಾರೆ ಎಂಬುದು ಗೊತ್ತಾದರೆ ಇನ್ನೂ ಉಪಕಾರ. ‘ಸೇರಿಸು’, ‘ಇಡು’ ಎರಡರ ವ್ಯತ್ಯಾಸ ನಿಮ್ಮ ಕಡೆಯ ಮಾತಿನಲ್ಲೂ ಇಷ್ಟೇ ಸ್ಪಷ್ಟವಾಗಿದೆಯಾ, ಇಲ್ಲಾ ‘ಹಾಕು’ ಎಂಬ ಒಂದೇ ಪದ ಎರಡಕ್ಕೂ ಓಡುತ್ತಾ?