ಕ್ಯಾಲ್ಕ್‌ನಲ್ಲಿ ಒಗಟು: ಉತ್ತರ ಒಂದೇ ಎಂದು ತಿಳಿಯುವುದು ಹೇಗೆ?

ಬದಿಯಡ್ಕದ ಟೀಚರ್:
ಎಂಟನೆಯ ತರಗತಿಗೆಂದು ಒಗಟೊಂದನ್ನು ಕಟ್ಟಿದ್ದೇನೆ. ಮಂಗಳೂರಿನಿಂದ ಹೊರಟ ರೈಲಿನಿಂದ ವಕೀಲ, ಬಡಗಿ, ದಾದಿ, ಅಧ್ಯಾಪಿಕೆ ಇಳಿಯುತ್ತಾರೆ. ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು, ನಿಲ್ದಾಣಕ್ಕೊಬ್ಬರು. ವಕೀಲ ಇಳಿದ ಮರುನಿಲ್ದಾಣದಲ್ಲೇ ಬಡಗಿ ಇಳಿದ. ದಾದಿ, ಅಧ್ಯಾಪಿಕೆ ಇಳಿದದ್ದು ಅಕ್ಕಪಕ್ಕದ ನಿಲ್ದಾಣಗಳಲ್ಲಿ. ದಾದಿ ಮಂಜೇಶ್ವರದಲ್ಲಿ ಇಳಿಯಲಿಲ್ಲ. ಶಾಲೆಯಲ್ಲಿರುವುದು ಲಿಬ್ರೆ ಆಫೀಸ್; ಅದರ ಲೆಕ್ಕಹಾಳೆ ಕ್ಯಾಲ್ಕ್‌ನಲ್ಲಿ, ಕೊಟ್ಟ ಷರತ್ತುಗಳಿಗೆ ಹೊಂದುವ ಉತ್ತರ ಹುಡುಕುವ ಸಾಲ್ವರ್ ಇದೆ. ‘ಅಕ್ಕಪಕ್ಕ’ಕ್ಕೆ ಎಬಿಎಸ್ (ಋಣ ಚಿಹ್ನೆ ಬಿಟ್ಟು ಬೆಲೆ ಕೊಡುವ) ಸೂತ್ರ ಹಾಕಿದರೆ ಮಾಡೆಲ್ ಲೀನಿಯರ್ (ಬರೀ ಕೂಡು, ಕಳೆ, ಸ್ಥಿರಸಂಖ್ಯೆಯ ಗುಣಾಕಾರದ್ದು) ಅಲ್ಲವೆಂದು ಸಾಲ್ವರ್ ನಿಂತುಬಿಡುತ್ತದೆ. ಉತ್ತರ ಒಂದೇ ಎಂದು ಖಾತ್ರಿಪಡಿಸಿಕೊಳ್ಳುವ ದಾರಿಯೂ ಬೇಕು.

ಕುಂಬಳೆಯ ಲೆಕ್ಕಿಗ:
ಟೀಚರೇ, ಎಬಿಎಸ್ ಬಿಡಿ. ಸಾಲಿಗೊಬ್ಬರು, ಬಿ ಕಾಲಮಿನಿಂದ ಇ ವರೆಗೆ ನಿಲ್ದಾಣಗಳು. ಹದಿನಾರು ಸೆಲ್‌ಗಳೂ ಬೈನರಿ, ಅಂದರೆ ಅಲ್ಲಿ ಇಳಿದರೆ 1, ಇಲ್ಲವಾದರೆ 0. ಪ್ರತಿ ಸಾಲಿನ ಮೊತ್ತ 1, ಪ್ರತಿ ಕಾಲಮಿನದೂ 1. ದಾದಿ 4ನೆಯ ಸಾಲಿನಲ್ಲಿ, ಅಧ್ಯಾಪಿಕೆ 5ರಲ್ಲಿ ಇದ್ದರೆ ಉಪ್ಪಳಕ್ಕೆ ಷರತ್ತು: ಸಿ4 ≤ ಬಿ5 + ಡಿ5. ದಾದಿ ಉಪ್ಪಳದಲ್ಲಿ ಇಳಿಯಬೇಕಾದರೆ ಅಧ್ಯಾಪಿಕೆ ಮಂಜೇಶ್ವರದಲ್ಲೋ ಕುಂಬಳೆಯಲ್ಲೋ ಇಳಿದಿರಲೇಬೇಕು. ಉಳಿದವಕ್ಕೂ ಹೀಗೆಯೇ, ತುದಿಯ ನಿಲ್ದಾಣಗಳಿಗೆ ನೆರೆ ಒಂದೇ. ವಕೀಲ, ಬಡಗಿಯ ಸುಳಿವಿಗೆ ನಿಲ್ದಾಣಗಳಿಗೆ 1ರಿಂದ 4 ಕೊಟ್ಟು ಸಮ್‌ಪ್ರಾಡಕ್ಟ್ (ಸೆಲ್‌ಗಳನ್ನು ಆ ಅಂಕಿಗಳಿಂದ ಗುಣಿಸಿ ಕೂಡುವ ಸೂತ್ರ) ಮಾಡಿದರೆ ಸಾಕು, ಇಬ್ಬರ ನಿಲ್ದಾಣದ ಅಂಕಿ ಸಿಗುತ್ತದೆ; ಬಡಗಿಯದರಲ್ಲಿ ವಕೀಲನದನ್ನು ಕಳೆದರೆ ವ್ಯತ್ಯಾಸ 1 ಇರಬೇಕು.

ನಿಮ್ಮ ಎರಡನೆಯ ಪ್ರಶ್ನೆಯೇ ದೊಡ್ಡದು. ಒಗಟಿಗೆ ಎರಡು ಉತ್ತರಗಳಿದ್ದರೆ ಸರಿಯಾಗಿ ಯೋಚಿಸಿದ ಮಗುವಿಗೂ ತಪ್ಪು ಗುರುತು ಬೀಳುತ್ತದೆ. ಈ ಅನ್ಯಾಯವನ್ನು ನಾನು ಸಹಿಸಲಾರೆ. ಸಾಲ್ವರ್ ಒಂದು ಉತ್ತರ ಸಿಕ್ಕೊಡನೆ ಸುಮ್ಮನಾಗುತ್ತದೆ. ಆಗ, 1 ಬಂದಿರುವ ನಾಲ್ಕು ಸೆಲ್‌ಗಳ ಮೊತ್ತ 3ನ್ನು ಮೀರಬಾರದೆಂದು ಹೊಸ ಷರತ್ತು ಸೇರಿಸಿ ಮತ್ತೆ ಓಡಿಸಿ. ಪರಿಹಾರವಿಲ್ಲ ಎಂದು ಬಂದರೆ ಮಾತ್ರ ಉತ್ತರ ಒಂದೇ. ನಿಮ್ಮ ಒಗಟಿಗೆ ಮೂರು ಬಂದವು. ವಕೀಲ, ಬಡಗಿ ಮೊದಲು ಇಳಿದರೆ ಉಳಿದಿಬ್ಬರು ಹೇಗೆ ಇಳಿದರೂ ನಡೆಯುತ್ತದೆ. ಇಲ್ಲವೇ ಅಧ್ಯಾಪಿಕೆ, ದಾದಿ, ವಕೀಲ, ಬಡಗಿ ಎಂಬ ಕ್ರಮ. ‘ಅಧ್ಯಾಪಿಕೆ ವಕೀಲನಿಗಿಂತ ಮೊದಲು ಇಳಿದಳು’ ಎಂದು ಸೇರಿಸಿ, ಈ ಕೊನೆಯದೊಂದೇ ಉಳಿಯುತ್ತದೆ.

ಕಾಸರಗೋಡಿನ ವಿದ್ಯಾರ್ಥಿ:
ಅಣ್ಣ, ಹಾಗಾದರೆ ಮಂಜೇಶ್ವರದ ಸುಳಿವು ಇನ್ನೂ ಬೇಕೇ?

ಕುಂಬಳೆಯ ಲೆಕ್ಕಿಗ:
ಬೇಕು ತಮ್ಮಾ. ಅದನ್ನು ತೆಗೆದರೆ ದಾದಿ ಮಂಜೇಶ್ವರದಲ್ಲಿ, ಅಧ್ಯಾಪಿಕೆ ಉಪ್ಪಳದಲ್ಲಿ ಇಳಿಯುವ ಇನ್ನೊಂದು ಉತ್ತರ ಏಳುತ್ತದೆ. ಒಂದೊಂದನ್ನೇ ತೆಗೆದು ಓಡಿಸಿ ನೋಡಿದೆ, ನಾಲ್ಕರಲ್ಲಿ ಯಾವುದನ್ನೂ ಬಿಡುವಂತಿಲ್ಲ.

ಬದಿಯಡ್ಕದ ಟೀಚರ್:
ಬಹಳ ಉಪಕಾರವಾಯಿತು. ಸೋಮವಾರ ನಾಲ್ಕು ಸುಳಿವಿನ ಒಗಟನ್ನೇ ಕೊಡುತ್ತೇನೆ. ಮೊದಲು ಮಕ್ಕಳು ಕಾಗದದಲ್ಲಿ ಬಿಡಿಸಲಿ, ಆಮೇಲೆ ಲ್ಯಾಬಿನಲ್ಲಿ ಸಾಲ್ವರ್ ತೆರೆಯುತ್ತೇವೆ.