ತಂಬಾಕು ಒಪ್ಪಂದದ ಪಾಠ: ಬೀಡಿ ಕಟ್ಟುವ ತಾಯಿಯ ಮಗಳಿಗೆ ಏನು ಹೇಳಲಿ?

ದಾವಣಗೆರೆ ಉಪನ್ಯಾಸಕಿ:
ಎಂ.ಎ. ರಾಜ್ಯಶಾಸ್ತ್ರದವರಿಗೆ ಜಾಗತಿಕ ಆರೋಗ್ಯ ಆಡಳಿತ ಪಾಠ ಮಾಡುತ್ತೇನೆ. ಕಳೆದ ವಾರ ತಂಬಾಕು ನಿಯಂತ್ರಣ ಒಪ್ಪಂದ ತೆಗೆದುಕೊಂಡಿದ್ದೆ. ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ಆದ ಮೊದಲ ಒಪ್ಪಂದ ಅದು. 2003ರಲ್ಲಿ ಅಂಗೀಕಾರ, 2004ರಲ್ಲಿ ಭಾರತದ ಅನುಮೋದನೆ, 2005ರಲ್ಲಿ ಜಾರಿ. ಮೇಜಿನ ಮೇಲೆ ಒಂದು ಬೀಡಿ ಕಟ್ಟು ಇಟ್ಟು, ಮೇಲಿನ ಎಚ್ಚರಿಕೆ ಚಿತ್ರ ತೋರಿಸಿದೆ. ಈ ಚಿತ್ರ ವಿಶ್ವ ಆರೋಗ್ಯ ಸಂಸ್ಥೆ ಇರುವ ಜಿನೀವಾದಿಂದ ಇಲ್ಲಿಯವರೆಗೆ ಹೇಗೆ ಬಂತು ಅಂತ ಹೇಳುತ್ತಿದ್ದೆ.

ಹಳೇ ದಾವಣಗೆರೆಯ ಹುಡುಗಿಯೊಬ್ಬಳು ಕಟ್ಟನ್ನು ಕೈಗೆ ತೆಗೆದುಕೊಂಡಳು. ಒಂದು ಬೀಡಿ ಎಳೆದು, ಮಡಚಿದ ತುದಿಯನ್ನು ಉಗುರಿನಿಂದ ಮುಟ್ಟಿ ನೋಡಿದಳು. "ಮೇಡಂ, ನನ್ನ ಫೀಸು ಕಟ್ಟಿದ್ದು ಬೀಡಿ ದುಡ್ಡಿಂದಾನೇ. ಬೀಡಿ ನಿಂತರೆ ನಮ್ಮಮ್ಮ ಏನು ಮಾಡಬೇಕು ಅಂತ ಈ ಒಪ್ಪಂದದಲ್ಲಿ ಬರೆದಿದ್ದಾರಾ?" ಅಂದಳು. ಬೆಲ್ ಆಯಿತು. ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನೀವಾದರೆ ಹೇಗೆ ಮುಂದುವರಿಸುತ್ತೀರಿ?

ದುರ್ಗದ ಮೇಷ್ಟ್ರು:
ಬರೆದಿದ್ದಾರೆ ಮೇಡಂ, 17ನೇ ವಿಧಿ ನೋಡಿ. ತಂಬಾಕು ಬೆಳೆಗಾರರು, ಕಾರ್ಮಿಕರಿಗೆ ಬದುಕು ನಡೆಯುವಂಥ ಬೇರೆ ದಾರಿ ಒದಗಿಸಲು ದೇಶಗಳು ಪ್ರೋತ್ಸಾಹ ಕೊಡಬೇಕು ಅಂತಿದೆ. ಆದರೆ ಜೊತೆಗೇ "ಸೂಕ್ತವೆನಿಸಿದಂತೆ" ಅನ್ನೋ ಮಾತೂ ಇದೆ. ಒಂದಿಡೀ ತರಗತಿ ಆ ಒಂದೇ ಪದಕ್ಕೆ ಕೊಡಿ. ಸೂಕ್ತ ಅಂತ ಹೇಳುವವರು ಯಾರು? ಬೀಡಿ ಕಟ್ಟುವ ತಾಯಿಯನ್ನು ಯಾರಾದರೂ ಕೇಳಿದ್ದಾರಾ? ಚಿತ್ರ ಹಾಕಿಸೋದು ಸುಲಭ. ಕೆಲಸ ಹುಡುಕಿಕೊಡೋದೇ ಕಷ್ಟ. ಆಡಳಿತ ಅಂದರೆ ಏನು ಅಂತ ಮಕ್ಕಳಿಗೆ ಅಲ್ಲಿ ಗೊತ್ತಾಗುತ್ತೆ.

ಹಾಂ, ಅಮೆರಿಕ 2004ರಲ್ಲೇ ಸಹಿ ಹಾಕಿದರೂ ಅನುಮೋದಿಸಿಲ್ಲ. ಅದನ್ನೂ ಹೇಳಿ.

ಹರಿಹರದವಳು:
ನಮ್ಮ ಅಜ್ಜಿ ನಲವತ್ತು ವರ್ಷ ಬೀಡಿ ಕಟ್ಟಿದವರು. ರಾತ್ರಿ ಎಲೆ ನೆನೆಹಾಕಿ, ಬೆಳಿಗ್ಗೆ ಕತ್ತರಿಸಿ, ಮೊರ ತೊಡೆ ಮೇಲಿಟ್ಟುಕೊಂಡು ಕೂರುತ್ತಿದ್ದರು. ಕೂಲಿ ಸಾವಿರ ಬೀಡಿಗೆ ಇಷ್ಟು ಅಂತ ಲೆಕ್ಕ. ಸರಿ ಇಲ್ಲ ಅಂತ ತೆಗೆದು ಹಾಕಿದ್ದಕ್ಕೆ ಕಾಸಿಲ್ಲ.

1976ರ ಕಾನೂನಿನಲ್ಲಿ ಬೀಡಿ ಮೇಲೆ ಸೆಸ್ ಅಂತ ಒಂದು ವಿಶೇಷ ತೆರಿಗೆ ಇತ್ತು. ಕಾರ್ಮಿಕರ ಆಸ್ಪತ್ರೆ, ಮಕ್ಕಳ ಸ್ಕಾಲರ್‌ಶಿಪ್ ಅದೇ ದುಡ್ಡಿನಲ್ಲಿ ನಡೀತಿತ್ತು. 2017ರಲ್ಲಿ ಜಿಎಸ್‌ಟಿ ಬಂದಾಗ ಸೆಸ್ ಹೋಯಿತು, ಸ್ಕಾಲರ್‌ಶಿಪ್ ಮಾತ್ರ ನಿಂತಿಲ್ಲ. ಜಿನೀವಾ ಜೊತೆಗೆ ಇದನ್ನೂ ಓದಿಸಿ. ಆ ಹುಡುಗಿ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿದ್ದಾಳಾ, ಅಮ್ಮನಿಗೆ ಬೀಡಿ ಕಾರ್ಡ್, ಅಂದರೆ ಬೀಡಿ ಕಾರ್ಮಿಕರ ಗುರುತಿನ ಚೀಟಿ, ಇದೆಯಾ, ಮೊದಲು ಅದನ್ನು ಕೇಳಿ ಮೇಡಂ. ಮನೆಗೆ ಹೋಗೋದಾದರೆ ಗುತ್ತಿಗೆದಾರ ಬರುವ ಹೊತ್ತು ಬೇಡ. ಅವನ ಎದುರಿಗೆ ಯಾರೂ ಬಾಯಿ ಬಿಡಲ್ಲ.

ದಾವಣಗೆರೆ ಉಪನ್ಯಾಸಕಿ:
ಇಬ್ಬರಿಗೂ ಧನ್ಯವಾದ. ಇವತ್ತು 17ನೇ ವಿಧಿಯನ್ನು ಆ ಹುಡುಗಿಯಿಂದಲೇ ಓದಿಸಿದೆ. ಅದನ್ನೇ ಡಿಸರ್ಟೇಶನ್ ಮಾಡ್ತೀನಿ ಅಂದಳು. ಅಮ್ಮನ ಕಾರ್ಡ್ ಇದೆಯಂತೆ. ಸ್ಕಾಲರ್‌ಶಿಪ್ ವಿಷಯ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಶನಿವಾರ ಮಧ್ಯಾಹ್ನ ಮೂರರ ಮೇಲೆ ಬನ್ನಿ ಅಂತ ಅವರಮ್ಮ ಹೇಳಿಕಳಿಸಿದ್ದಾರೆ. ಅಷ್ಟೊತ್ತಿಗೆ ಬೀಡಿ ಒಪ್ಪಿಸಿ ಬಂದಿರ್ತಾರಂತೆ.